ಎಮ್ಮೆ ಕಟ್ಟಿದರೂ ಮಾನಿಟರ್

ತಿಪ್ಪೇಶ ಬರೆದ ಕೋಡು ಎಷ್ಟು ಚುರುಕೆಂದರೆ, ಲ್ಯಾಪ್‌ಟಾಪಿಗೆ ಎಮ್ಮೆ ಕಟ್ಟಿದರೂ ಅದನ್ನು ಮಾನಿಟರ್ ಎಂದು ಗುರುತಿಸುತ್ತಿತ್ತು. ಹಾಗಂತ ಅವನೇ ಊರೆಲ್ಲ ಹೇಳಿಕೊಂಡು, ಕಡೆಗೆ ಫರ್ಜಾನಾ ಮೇಡಮ್ಮಿಗೂ ಹೇಳಿದ್ದ. ಕಂಪ್ಯೂಟರಿನಿಂದ ಮಾನಿಟರಿಗೆ ಚಿತ್ರ ಕಳಿಸುವ, ಯಾರು ಬೇಕಾದರೂ ತಿದ್ದಿ ಕೊಡಬಹುದಾದ ಗ್ರಾಫಿಕ್ಸ್ ಡ್ರೈವರ್ ಎಂಬ ತಂತ್ರಾಂಶಕ್ಕೆ ಹೊಸ ಕೋಡು ಸೇರಬೇಕಾದರೆ ಮೇಡಂ ಒಪ್ಪಬೇಕು. ಸೇರಿಬಿಟ್ಟರೆ ಲೋಕದ ಕಂಪ್ಯೂಟರುಗಳಲ್ಲೆಲ್ಲ ತಿಪ್ಪೇಶನ ಹೆಸರು. ಮಾವನ ಮನೆಗೆ ಪೇಡೆ ಆಗಲೇ ಹೋಗಿತ್ತು.

ವಿಡಿಯೊ ಕರೆಯಲ್ಲಿ ಪರೀಕ್ಷೆ ಶುರುವಾಯಿತು. ತಿಪ್ಪೇಶನ ಲ್ಯಾಪ್‌ಟಾಪಿನ ಪರದೆ ಮೇಡಮ್ಮಿಗೂ ಕಾಣುತ್ತಿತ್ತು.

“ನೋಡಿ ಮೇಡಂ, ‘ಮಾನಿಟರ್ ಇದೆ’ ಅಂತ ಬಂತು. ಕಣ್ಣು ಮಿಟುಕಿಸೋದರೊಳಗೆ.”

“ಬಂತಪ್ಪ. ಈಗ ಕೇಬಲ್ ಕೀಳಿ.”

ತಿಪ್ಪೇಶ ಮೇಜಿನ ಕೆಳಗೆ ಬಗ್ಗಿ, ಹಲಸಿನ ಮರವನ್ನು ಬುಡಸಮೇತ ಕೀಳುವವನ ಹಾಗೆ ತಿಣುಕಿ ಎದ್ದ.

“ಕಿತ್ತೆ ಮೇಡಂ.”

“ಇನ್ನೂ ‘ಇದೆ’ ಅಂತಲೇ ತೋರಿಸ್ತಿದೆಯಲ್ಲ?”

“ನನ್ನ ಕೋಡಿಗೆ ನೆನಪಿನ ಶಕ್ತಿ ಜಾಸ್ತಿ.”

“ಹೌದಾ? ಹಾಗಾದರೆ ಕ್ಯಾಮೆರಾ ತಿರುಗಿಸಿ, ಆ ಮಾನಿಟರಿನ ಮುಖ ನಾನೂ ನೋಡ್ತೀನಿ.”

ತಿಪ್ಪೇಶನಿಗೆ ಮಾವನ ಮನೆಗೆ ಹೋದ ಪೇಡೆ ನೆನಪಾಯಿತು.

“ಮಾನಿಟರೇ ಇಲ್ಲ ಮೇಡಂ. ಏನನ್ನೂ ನೋಡೋಕೆ ಹೋಗಬೇಡ, ಕೇಳಿದಾಗೆಲ್ಲ ‘ಇದೆ’ ಅಂದುಬಿಡು ಅಂತ ಬರೆದಿದ್ದೀನಿ. ನಾನು ಹೇಳಿದ್ದರಲ್ಲಿ ಎಮ್ಮೆ ಮಾತೊಂದೇ ನಿಜ.”