ಡ್ರಮ್ ನಿಲ್ಲುವ ಜಾಗ

ಆರು ವರ್ಷದ ಮೇಲೆ ವಾರಿಜಾ ವಸ್ತುಪ್ರದರ್ಶನದ ಮೈದಾನಕ್ಕೆ ಕಾಲಿಟ್ಟಿದ್ದಳು. ಅವತ್ತು, ಈಗ ವೇದಿಕೆಯ ಮೇಲಿರುವ ಇದೇ ರಾಕ್ ಬ್ಯಾಂಡಿನ ಹಾಡು ಕೇಳಲು ತಮ್ಮನ ಕೈ ಹಿಡಿದುಕೊಂಡು ಬಂದಿದ್ದಳು. ಜನ ನುಗ್ಗಿದ ರಭಸಕ್ಕೆ ಕೈ ತಪ್ಪಿತು. ಆಮೇಲೆ ಅವನು ಸಿಕ್ಕಿದ್ದು ಆಸ್ಪತ್ರೆಯಲ್ಲಿ, ಬಿಳಿ ಬಟ್ಟೆಯ ಕೆಳಗೆ. ಅಂದಿನಿಂದ ಈ ಬ್ಯಾಂಡಿನ ಒಂದು ಹಾಡನ್ನೂ ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಇವತ್ತು ಬಂದದ್ದು, ಅವನ ಮೆಚ್ಚಿನ ಹಾಡೊಂದನ್ನು ಅವನ ಪರವಾಗಿ ಕೇಳಿ ಅಲ್ಲಿಗೆ ಮುಗಿಸಿಬಿಡೋಣವೆಂದು.

ಆ ಹಾಡು ಶುರುವಾಯಿತು. ಪಕ್ಕದಲ್ಲಿ ಡೆಲ್ಲಿ ಹಪ್ಪಳ ಮುರಿಯುತ್ತಿದ್ದ ಹುಡುಗಿ ದಡಕ್ಕನೆ ಎದ್ದು ನಿಂತಳು.

"ಏಳಿ ಆಂಟಿ, ಈಗ ಡ್ರಮ್ ನಿಲ್ಲತ್ತೆ. ಆಗ ನಾವೆಲ್ಲ ಕೂಗ್ಬೇಕು."

"ಯಾಕಮ್ಮ?"

"ಅಯ್ಯೋ, ಗೊತ್ತಿಲ್ವಾ? ಈ ಹಾಡಿನ ಲೈವ್ ರೆಕಾರ್ಡಿಂಗ್ ಆಗಿದ್ದೇ ಇಲ್ಲಿ, ಆರು ವರ್ಷದ ಹಿಂದೆ. ಜನರ ಮಧ್ಯದಿಂದ ಯಾರೋ ಕೂಗಿದ್ದು ಹಂಗೇ ಹಾಡಲ್ಲಿ ಸೇರ್ಕೊಂಡ್ಬಿಟ್ಟಿದೆ. ಈಗ ಅದಿಲ್ದೆ ಹಾಡೇ ಇಲ್ಲ ಆಂಟಿ."

"ಏನಂತ ಕೂಗಿದಾರೆ?"

ಡ್ರಮ್ ನಿಂತಿತು. ಮೈದಾನಕ್ಕೆ ಮೈದಾನವೇ ಕುಣಿಯುತ್ತ, ಗಂಟಲು ಬಿಚ್ಚಿ ಕೂಗಿತು:

"ವಾರಿಜಕ್ಕಾ, ಎಲ್ಲಿದೀಯಾ?"