ಹೀರೋಗೆ ಆರು ವಾರ ವಿಶ್ರಾಂತಿ

ಹೀರೋ ಮೂರು ಮಹಡಿಗಳನ್ನು ಒಡೆದುಕೊಂಡು ನೆಲಕ್ಕೆ ಬಿದ್ದ. ಬಿದ್ದವನು ಎದ್ದ, ಭುಜದ ಧೂಳು ಕೊಡವಿಕೊಂಡ, ನಕ್ಕ. ಪ್ಲಾಸ್ಟರ್ ಆಂಟಿ ರಿಮೋಟ್ ಒತ್ತಿ ಆ ನಗುವನ್ನು ಅಲ್ಲಿಗೇ ನಿಲ್ಲಿಸಿದಳು.

"ಇದು ಬೇಡ," ಎಂದಳು.

ಆಂಟಿಯ ಮಗಳಿಗೆ ಸಿಡಿಲು ಬಡಿದಂತಾಯಿತು. ಸಂಜೆ ಈ ಚಿತ್ರ ನೋಡಲು ಅವಳ ಗೆಳೆಯ ಗೆಳತಿಯರು ಮನೆಗೆ ಬರುವವರಿದ್ದರು, ಎಲ್ಲರೂ ಹನ್ನೆರಡು ಹದಿಮೂರರ ಆಸುಪಾಸಿನವರು. ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಪ್ಲಾಸ್ಟರ್ ಹಾಕುವ ಆಂಟಿ ಮೊದಲು ನೋಡಿ ಹೂಂ ಎಂದರೆ ಮಾತ್ರ ಮಕ್ಕಳನ್ನು ಕಳಿಸುವುದು ಎಂದು ಬೀದಿಯ ಅಮ್ಮಂದಿರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಅನಿಮೇಷನ್ ಚಿತ್ರ ತಾನೇ, ಅಮ್ಮ ಅರ್ಧ ಗಂಟೆಯೊಳಗೆ ತೂಕಡಿಸುತ್ತಾಳೆ ಎಂದು ಮಗಳು ಅಂದುಕೊಂಡಿದ್ದಳು. ಅಮ್ಮ ಕಣ್ಣು ಮಿಟುಕಿಸದೆ ನೋಡಿದ್ದೇ ಎಡವಟ್ಟಾಯಿತು.

"ಯಾಕಮ್ಮಾ? ಒಂದು ತೊಟ್ಟು ರಕ್ತ ಇಲ್ಲ, ಒಂದು ಕೆಟ್ಟ ಮಾತಿಲ್ಲ!"

"ಅದೇ ಕಣೇ ನನ್ನ ತಕರಾರು. ಅಷ್ಟು ಎತ್ತರದಿಂದ ಬಿದ್ದಿದ್ದಾನೆ, ಬಾಯಿಬಿಟ್ಟು ಒಂದು ಅಯ್ಯೋ ಬೇಡ್ವಾ?"

"ಅವನು ಸೂಪರ್ ಹೀರೋ!"

"ನಮ್ಮ ಸ್ಪ್ರಿಂಗೂ ಹಾಗೇ ಅಂದ್ಕೊಂಡಿದ್ದ."

ಸ್ಪ್ರಿಂಗ್ ಎಂದರೆ ಪಕ್ಕದ ಮನೆಯ ಹುಡುಗ. ನಿಂತಲ್ಲಿ ನಿಲ್ಲುವ ಜಾಯಮಾನವೇ ಅವನದಲ್ಲ, ಅದಕ್ಕೇ ಆ ಹೆಸರು. ಹೋದ ರಜೆಯಲ್ಲಿ ಇಂಥದ್ದೇ ಒಂದು ಚಿತ್ರ ನೋಡಿ, ಬೆನ್ನಿಗೆ ಬೆಡ್‌ಶೀಟ್ ಕಟ್ಟಿಕೊಂಡು ಕಾರ್ ಶೆಡ್ಡಿನ ಮೇಲಿಂದ ಹಾರಿದ್ದ. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದವಳು ಇವಳೇ. ಆಗ ಹುಡುಗ ಇವಳ ತೋಳನ್ನು ಹಿಡಿದುಕೊಂಡ ಬಿಗಿಯನ್ನು ಅವಳು ಇನ್ನೂ ಮರೆತಿಲ್ಲ. ಅವನು ವಾರ್ಡಿನಲ್ಲಿದ್ದಷ್ಟು ದಿನವೂ ಅವನಪ್ಪ ಮಂಚದ ಪಕ್ಕ ಒಂದು ಕಿರಿದಾದ ಬೆಂಚಿನ ಮೇಲೆ ಮೈ ಮುದುಡಿಕೊಂಡು ಮಲಗುತ್ತಿದ್ದ. ಇನ್ನೊಂದು ಮಗುವನ್ನು ಆ ಸ್ಥಿತಿಯಲ್ಲಿ ನೋಡುವ ಧೈರ್ಯ ಅವಳಿಗಿರಲಿಲ್ಲ.

"ಹಾಗಾದ್ರೆ ಎಲ್ಲರಿಗೂ ನೀನೇ ಹೇಳು. ನಾನು ಯಾವ ಮುಖ ಇಟ್ಕೊಂಡು ಹೇಳ್ಲಿ?" ಮಗಳು ಮೂಗು ಒರೆಸಿಕೊಂಡು ನೆಲದ ಮೇಲೆ ಕೂತಳು. ಟೀವಿಯಲ್ಲಿ ಹೀರೋ ಇನ್ನೂ ಹಲ್ಲು ಕಿರಿಯುತ್ತಲೇ ಇದ್ದ. ಮಗಳು ಅವನತ್ತ ಬೆರಳು ತೋರಿಸಿ ಕೇಳಿದಳು: "ನಿಜವಾಗ್ಲೂ ಬಿದ್ದಿದ್ರೆ ಇವನಿಗೆ ಏನಾಗ್ತಿತ್ತು?"

"ಹಿಮ್ಮಡಿ ಎರಡೂ ಪುಡಿ. ಸೊಂಟದ ಕಥೆ ಕೇಳ್ಲೇಬೇಡ. ಎಲ್ಲ ಸರಿ ಹೋದ್ರೂ ಮೂರು ತಿಂಗಳು ಮಂಚ ಬಿಟ್ಟು ಏಳೋ ಹಾಗಿಲ್ಲ."

"ಇದನ್ನೇ ಅವರಿಗೂ ಹೇಳಮ್ಮಾ. ಅವನು ಬಿದ್ದಾಗೆಲ್ಲ ಸಿನಿಮಾ ನಿಲ್ಸು, ಹೇಳು, ಮುಂದಕ್ಕೆ ಬಿಡು."

ಅಮ್ಮನಿಗೆ ನಗು ಬಂತು. ಸರಿ, ಎಲ್ಲರೂ ಬರಲಿ ಎಂದು ಒಪ್ಪಿಕೊಂಡಳು.

ಸಂಜೆ ಮಕ್ಕಳು ಸೋಫಾ, ನೆಲ, ದಿಂಬು ಎಲ್ಲವನ್ನೂ ಆಕ್ರಮಿಸಿಕೊಂಡರು. ಮೊದಲ ಹೊಡೆತಕ್ಕೇ ಆಂಟಿ ರಿಮೋಟ್ ಒತ್ತಿದಾಗ ಎಲ್ಲರೂ ಹೋ ಎಂದು ಕೂಗಿಕೊಂಡರು. ಆಂಟಿ ಎದ್ದು ಟೀವಿಯ ಪಕ್ಕ ನಿಂತು, ಹೀರೋನ ಎದೆಗೂಡಿಗೆ ಬೆರಳಿಟ್ಟು ಪಕ್ಕೆಲುಬು ಮುರಿದರೆ ಉಸಿರೆಳೆಯುವುದೂ ಎಷ್ಟು ಕಷ್ಟ ಎಂದು ವಿವರಿಸಿದಳು. ಎರಡನೆಯ ಹೊಡೆತಕ್ಕೆ ಕೂಗು ತಗ್ಗಿತು. ನಾಲ್ಕನೆಯದಕ್ಕೆ ಮಕ್ಕಳೇ ಅವಳಿಗಿಂತ ಮೊದಲು ಶುರುಮಾಡಿದರು.

"ಮೊಣಕೈ!"

"ಅಲ್ಲ, ಭುಜ! ಭುಜ ಜಾರಿದೆ ನೋಡೋ!"

"ಆರು ವಾರ ವಿಶ್ರಾಂತಿ!"

"ಪ್ಲಾಸ್ಟರ್ ಒಳಗೆ ತುರಿಕೆ ಬರುತ್ತಲ್ಲ ಆಂಟಿ, ಅದನ್ನ ಯಾಕೆ ಇವರು ತೋರ್ಸಲ್ಲ?" ಎಂದು ಸ್ಪ್ರಿಂಗ್ ಅನುಭವಸ್ಥನ ಗತ್ತಿನಲ್ಲಿ ಕೇಳಿದ. ಅರ್ಧ ಚಿತ್ರ ಮುಗಿಯುವ ಹೊತ್ತಿಗೆ, ಇವನು ಲೋಕ ಕಾಯುವುದು ಹಾಗಿರಲಿ, ಎದ್ದು ಹಲ್ಲುಜ್ಜುವುದೂ ಅನುಮಾನ ಎಂದು ಸಭೆ ತೀರ್ಮಾನಿಸಿತು. ಆಂಟಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಷ್ಟು ವರ್ಷದ ಕೆಲಸದಲ್ಲಿ ಮುರಿದ ಮೂಳೆಗಳ ವಿಷಯಕ್ಕೆ ಅವಳು ಹೀಗೆ ನಕ್ಕಿದ್ದು ಇದೇ ಮೊದಲು. ಮಗಳು ಅವಳ ಮಂಡಿಗೆ ಒರಗಿ ಕೂತು, ಪಾಪ್‌ಕಾರ್ನ್ ಬಟ್ಟಲನ್ನು ಅವಳ ಮಡಿಲಿಗೇ ದಾಟಿಸಿದಳು.

ಕೊನೆಯ ಕಾಳಗ ಬಂತು. ಒಂಟಿಗಣ್ಣಿನ ರಾಕ್ಷಸನನ್ನು ಹೀರೋ ಮೋಡಗಳ ಮೇಲಿಂದ ಎತ್ತಿ ಎಸೆದ. ಅವನು ಬಿದ್ದ ರಭಸಕ್ಕೆ ರಸ್ತೆಯೇ ಹಳ್ಳವಾಯಿತು. "ಬೆನ್ನು! ತೊಡೆ! ಎರಡೂ ಕೈ!" ಎಂದು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಕೂಗಿದರು. ಊರಿನವರೆಲ್ಲ ಚಪ್ಪಾಳೆ ತಟ್ಟಿದರು, ಹೀರೋ ಕೈಬೀಸುತ್ತಾ ಹಾರಿಹೋದ. ಈ ಸಲ ರಿಮೋಟ್ ಒತ್ತುವುದು ಆಂಟಿಗೆ ಮರೆತೇಹೋಗಿತ್ತು.

"ಆಂಟಿ, ಒಂದ್ನಿಮಿಷ ನಿಲ್ಸಿ," ಎಂದ ಸ್ಪ್ರಿಂಗ್.

ಅವಳು ನಿಲ್ಲಿಸಿದಳು. ಹಳ್ಳದ ತಳದಲ್ಲಿ ರಾಕ್ಷಸ ಅಂಗಾತ ಬಿದ್ದಿದ್ದ. ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರೂ ಅವನ ಸುತ್ತ ಇರಲಿಲ್ಲ.

"ಇವನ ಜೊತೆಗೆ ಆಸ್ಪತ್ರೇಲಿ ಯಾರು ಇರ್ತಾರೆ?"

"ಅವನು ರಾಕ್ಷಸ ಕಣೋ!" ಎಂದು ಮಗಳು ನಕ್ಕಳು.

ಸ್ಪ್ರಿಂಗ್ ನಗಲಿಲ್ಲ. ಹಳೆಯ ಪೆಟ್ಟಿನ ತೊಡೆಯನ್ನು ಸವರಿಕೊಳ್ಳುತ್ತಾ ಟೀವಿಯನ್ನೇ ನೋಡುತ್ತಿದ್ದ.

"ಆದ್ರೇನು? ರಾತ್ರಿ ಬಾತ್‌ರೂಮಿಗೆ ಹೋಗ್ಬೇಕು ಅಂದ್ರೆ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕಲ್ವಾ?"