ತುಕ್ಕು ಹಚ್ಚಿದ ವಿಮಾನ

ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಉಪ್ಪಿನ ಡಬ್ಬಿ ಮಾತ್ರ ಜಾಗದಲ್ಲಿರಲಿಲ್ಲ. ಹುಡುಕುತ್ತ ದುರಗವ್ವ ಪಡಸಾಲೆಗೆ ಬಂದರೆ ಡಬ್ಬಿ ಗಂಡನ ಮುಂದಿತ್ತು. ತಿರಕಪ್ಪ ಹರಳುಪ್ಪನ್ನು ಚಿಟಿಕೆ ಚಿಟಿಕೆಯಾಗಿ ಮೊಳದುದ್ದದ ವಿಮಾನವೊಂದರ ರೆಕ್ಕೆಯ ಮೇಲೆ ಉದುರಿಸುತ್ತಿದ್ದ.

"ಇದೇನ್ರಿ, ಇಮಾನದ್ದು ಉಪ್ಪಿನಕಾಯಿ ಹಾಕಾಕತ್ತೀರೇನು?"

"ಕೆಳಗ ತುಕ್ಕಿನ ಬಣ್ಣ ಹಚ್ಚೀನಿ. ಅದರ ಮ್ಯಾಲೆ ಉಪ್ಪು, ಉಪ್ಪಿನ ಮ್ಯಾಲೆ ಬೂದಿ ಬಣ್ಣ. ಒಣಗಿಂದ ತಿಕ್ಕಿದ್ರ ಉಪ್ಪು ಇದ್ದಲ್ಲೆಲ್ಲ ಬಣ್ಣ ಕಿತ್ತು ಬಂದು ತುಕ್ಕು ಕಾಣ್ತೈತಿ."

"ಮಂದಿ ತುಕ್ಕು ತಿಕ್ಕಿ ತಗೀತಾರ. ನೀವು ತಿಕ್ಕಿ ತರಸಾಕತ್ತೀರಿ."

ಅದು ಲಕ್ಷ್ಮೇಶ್ವರದ ರಸ್ತೆಯ ಕಾಲೇಜೊಂದರ ಮುಂದೆ ನಿಂತಿರುವ ಯುದ್ಧವಿಮಾನದ ಮಾದರಿ. ತಿರಕಪ್ಪ ವಾಯುಸೇನೆಯಲ್ಲಿದ್ದಾಗ ಅಂಥವೇ ವಿಮಾನಗಳ ಹೊಟ್ಟೆಯ ಕೆಳಗೆ ಮಲಗಿ ಪಾನಾ ತಿರುಗಿಸಿದವನು. ಸೇವೆ ಮುಗಿದ ವಿಮಾನವೊಂದು ನಮ್ಮ ಕಡೆಗೂ ಬರಲಿ ಎಂದು ಚಪ್ಪಲಿ ಸವೆಸಿದವನೂ ಅವನೇ. ಬಂದ ದಿನ ಕಾಲೇಜಿನ ಚೇರ್ಮನ್ ಗವಿಸಿದ್ದೇಶ ಅದರ ಮೂತಿಗೆ ತೆಂಗಿನಕಾಯಿ ಒಡೆದು, ಮುಂದೆ ನಿಂತು ಫೋಟೋ ತೆಗೆಸಿಕೊಂಡ. ಅಷ್ಟೇ. ಆಮೇಲೆ ಕ್ಯಾಂಟೀನಿನವರು ರೆಕ್ಕೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದರು. ಹೊಗೆ ಉಗುಳುತ್ತಿದ್ದ ಕೊಳವೆ ಚಹಾದ ಕಾಗದದ ಕಪ್ ಎಸೆಯುವ ತೊಟ್ಟಿಯಾಯಿತು. ಪೈಲಟ್ ಕೂರುವಲ್ಲಿ ಅರಳಿ ಸಸಿ ಎದ್ದಿತು. ಪುಕ್ಕಟೆ ಬಣ್ಣ ಹಚ್ಚಿಕೊಡುತ್ತೇನೆ ಎಂದು ತಿರಕಪ್ಪ ಹೋದಾಗಲೆಲ್ಲ, "ಮುಂದಿನ ಮೀಟಿಂಗಿನ್ಯಾಗ ಇಡೂಣ್ರಿ. ಅಲ್ಲೀತನಾ ಯಾರೂ ಮುಟ್ಟಬಾರ್ದು" ಎಂಬುದೇ ಗವಿಸಿದ್ದೇಶನ ಉತ್ತರ. ಬೆಟಗೇರಿಯ ಸಂತೆಯಲ್ಲಿ ಸಿಕ್ಕವರೆಲ್ಲ, "ಏನ್ ತಿರಕಣ್ಣ, ನಿನ್ನ ಇಮಾನದಾಗ ಎಷ್ಟು ಧೋತರ ಒಣಗಿದ್ವು?" ಎಂದು ಕೇಳಿ ನಗುತ್ತಿದ್ದರು.

ಈಗ ಅದೇ ಗವಿಸಿದ್ದೇಶ ಹೇಳಿಕಳಿಸಿದ್ದ. ಕಾಲೇಜಿನ ಬೆಳ್ಳಿಹಬ್ಬಕ್ಕೆ ವಾಯುಸೇನೆಯ ದೊಡ್ಡ ಸಾಹೇಬರು ಬರುತ್ತಾರಂತೆ. ವೇದಿಕೆಯ ಮೇಲೆ ಇಡಲು ವಿಮಾನದ ಮಾದರಿ ಬೇಕಂತೆ, ಥೇಟ್ ನಮ್ಮದರ ಹಾಗೇ ಇರಬೇಕಂತೆ.

"ಥೇಟ್ ಅಂದಾನಲ್ಲ, ಥೇಟ್ ಮಾಡಿ ಕೊಡ್ತೀನಿ" ಎಂದು ತಿರಕಪ್ಪ ಹಲ್ಲು ಕಚ್ಚಿದ. ಒಲೆಯ ಮಸಿ ಕೊಳವೆಗೆ ಹೋಯಿತು. ಎರೆಮಣ್ಣನ್ನು ಅರೆದು ಗಾಲಿಗಳಿಗೆ ಮೆತ್ತಿದ. ತಾಮ್ರದ ತಂತಿ ಹೊಸೆದು ಅರಳಿ ಸಸಿ ಮಾಡಿದ. ದುರಗವ್ವನ ಹಳೆಯ ಕುಪ್ಪಸದ ಚೂರುಗಳು ರೆಕ್ಕೆಯ ಹಗ್ಗದ ಮೇಲೆ ಒಣಗತೊಡಗಿದವು.

"ದೊಡ್ಡ ಮಂದಿ ಮುಂದ ಚೇರ್ಮನ್ನರ ಮಾನ ಹೋಗ್ತೈತ್ರಿ."

"ಹೋಗ್ಲಿ ಅಂತನ ಮಾಡಾಕತ್ತೀನಿ."

ಬೆಳ್ಳಿಹಬ್ಬದ ಮುಂಜಾನೆ ತಿರಕಪ್ಪ ಮಾದರಿಯನ್ನು ಗವಿಸಿದ್ದೇಶನ ಮೇಜಿನ ಮೇಲಿಟ್ಟು ಬಟ್ಟೆ ಸರಿಸಿದ. ಬೈಸಿಕೊಳ್ಳಲು ಎದೆ ಗಟ್ಟಿ ಮಾಡಿಕೊಂಡೇ ನಿಂತಿದ್ದ, ತಿರುಗಿ ಅನ್ನಬೇಕಾದದ್ದನ್ನೂ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಗವಿಸಿದ್ದೇಶ ಬಗ್ಗಿ ನೋಡಿದ. ಕನ್ನಡಕ ಏರಿಸಿ ಮತ್ತೆ ನೋಡಿದ.

"ಅಯ್ಯಯ್ಯ! ಕ್ಯಾಂಟೀನ್ ಹಗ್ಗಾನೂ ಬಿಟ್ಟಿಲ್ಲಲ್ರಿ! ಏನ್ ಕೈ ಅದಾವ್ರಿ ನಿಮ್ಮವು!" ಎಂದವನು ಜವಾನನನ್ನು ಕೂಗಿದ. "ಏ ಮುದಕಪ್ಪ, ಜಲ್ದಿ ಗಾಜಿನ ಪೆಟಗಿ ತಗೊಂಡು ಬಾ. ಇದರ ಮ್ಯಾಲೆ ಧೂಳ ಕುಂತೀತು!"



"ಧೂಳ ನಾನ ಹಚ್ಚೀನ್ರಿ" ಎಂದ ತಿರಕಪ್ಪ. "ಹೊರಗ ನಿಂತದ್ದು ಹೆಂಗಾಗೈತಿ ನೋಡ್ರಿ ಅಂತ ಹಚ್ಚೀನಿ. ಅದಕ್ಕ ಯಾವಾಗ ಬಣ್ಣ ಹಚ್ಚೂದು, ಹೇಳ್ರಿ."

"ಇಂಥಾ ಶುಭ ದಿನಾ ಅದನ್ಯಾಕ ತಗೀತೀರಿ? ನಿಮಗ ಸನ್ಮಾನ ಇಟ್ಟೀನಿ. ಮುಂದ ಬಂದು ಕುಂಡ್ರಿ."

ನಮ್ಮ ಕಡೆ ಯಾರ ಬಾಯಿ ಮುಚ್ಚಬೇಕಾದರೂ ಹೆಗಲಿಗೆ ಶಾಲು ಹಾಕುವುದು ರೂಢಿ. ತಿರಕಪ್ಪನಿಗೂ ಹಾಕಿದರು. ಕೊರಳಿಗೆ ಹಾರ, ಕೈಗೆ ಹಣ್ಣಿನ ಬುಟ್ಟಿ. ಚಪ್ಪಾಳೆ ಬಿತ್ತು. "ಸ್ವಲ್ಪ ನಗ್ರಿ ಯಜಮಾನ್ರ" ಎಂದ ಫೋಟೋದವನು. ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಾದರಿ ಮಿನುಗುತ್ತಿತ್ತು. ವಾಯುಸೇನೆಯ ಸಾಹೇಬರು ಅದನ್ನು ನೋಡಿ, ಅಸಲಿಯದು ಎಲ್ಲಿದೆ ಎಂದು ಸುತ್ತ ಕಣ್ಣಾಡಿಸುತ್ತಿದ್ದರು. ಅದು ಅವರಿಗೆ ಕಾಣುವಂತಿರಲಿಲ್ಲ. ಮೈದಾನದ ಅಂಚಿನಲ್ಲಿ ಅದರ ಮುಂದೆ ಕಂಬ ನೆಟ್ಟು ಈ ತುದಿಯಿಂದ ಆ ತುದಿಯವರೆಗೆ ಸ್ವಾಗತದ ಬ್ಯಾನರ್ ಕಟ್ಟಿದ್ದರು. ಬ್ಯಾನರಿನಲ್ಲಿ ಗವಿಸಿದ್ದೇಶ ಕೈ ಮುಗಿದು ನಗುತ್ತಿದ್ದ. ಅವನ ಮುಗಿದ ಕೈಗಳ ಕೆಳಗೆ ಗಾಳಿ ಹೋದ ಒಂದು ಗಾಲಿ ಮಾತ್ರ ಕಾಣುತ್ತಿತ್ತು.

ತಿರಕಪ್ಪ ನಗಲಿಲ್ಲ. ಹಣ್ಣಿನ ಬುಟ್ಟಿಯನ್ನು ಗವಿಸಿದ್ದೇಶನ ಕೈಗೇ ಕೊಟ್ಟು ವೇದಿಕೆ ಇಳಿದ. ಜನರ ನಡುವೆ ದಾರಿ ಮಾಡಿಕೊಂಡು ಮೈದಾನ ದಾಟಿದ. ಕಂಬಕ್ಕೆ ಕಟ್ಟಿದ್ದ ಹಗ್ಗವನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಾಗ ಬ್ಯಾನರ್ ಕಳಚಿ ನೆಲಕ್ಕೆ ಬಿತ್ತು. ಹೆಗಲ ಮೇಲಿನ ಶಾಲನ್ನು ಎಳೆದು ಮುದ್ದೆ ಮಾಡಿ, ವಿಮಾನದ ಪಕ್ಕೆಯ ಮೇಲೆ ಇಟ್ಟು ತಿಕ್ಕತೊಡಗಿದ. ರಟ್ಟೆಯ ಬಲವೆಲ್ಲ ಹಾಕಿ, ಸಿಟ್ಟೆಲ್ಲ ಹಾಕಿ ತಿಕ್ಕಿದ. ಕಪ್ಪು ಧೂಳಿನ ಕೆಳಗಿನಿಂದ ಮೊದಲು ವಾಯುಸೇನೆಯ ದುಂಡು ಗುರುತಿನ ಹಸಿರು ಅಂಚು, ಅದರೊಳಗೆ ಬಿಳಿ ಮೂಡಿತು.

ಚಪ್ಪಾಳೆ ನಿಂತಿತ್ತು. ಸಾಹೇಬರು ಕುರ್ಚಿಯಿಂದ ಎದ್ದು ನಿಂತಿದ್ದರು. ಆಗ ಮೈಕಿನಲ್ಲಿ ಗವಿಸಿದ್ದೇಶನ ದನಿ ಮೈದಾನಕ್ಕೆಲ್ಲ ಕೇಳಿಸಿತು:

"ಏನ್ ಮಾಡಾಕತ್ತೀರಿ ತಿರಕಪ್ಪಾರ? ಬಿಡ್ರಿ, ಶಾಲು ಹೊಲಸ ಆಗ್ತೈತಿ!"